ಕಿತ್ತಳೆ ಗುಡ್ಡದ ಊರಿನಲ್ಲಿ ನೀರು ಕೇಳಿದ್ದು

ಶಿರಸಿ

೧೯೯೧ರಲ್ಲಿ ನಾನು ಶಾಲೆ ಬಿಟ್ಟೆ. ಎಂಟನೇ ತರಗತಿ ಅರ್ಧಕ್ಕೆ ಬಂದಿತ್ತು. ಯಾರೂ ಬಿಡಿಸಲಿಲ್ಲ, ನಾನೇ ಬಿಟ್ಟೆ. ಗುಡ್ನಾಪುರದ ಕೆರೆ ಏರಿಗೆ ಮಣ್ಣು ಹೊರಲು ಹೋದರೆ ದೊಡ್ಡವರಷ್ಟೇ ಕೂಲಿ ಕೊಡುತ್ತೇನೆಂದು ಮೇಸ್ತ್ರಿ ಹೇಳಿದ್ದ. ಹೊತ್ತೆ, ದೊಡ್ಡವರಿಗಿಂತ ಒಂದು ಬುಟ್ಟಿ ಹೆಚ್ಚೇ ಹೊತ್ತೆ. ಆಮೇಲೆ ಲಾರಿ ಕ್ಲೀನರ್ ಆದೆ, ಡ್ರೈವರ್ ಆದೆ, ಗೋವಾ ಮುಂಬೈ ರಸ್ತೆಯಲ್ಲಿ ಹಿಂದಿ ಕಲಿತೆ. ಕೊನೆಗೆ ಶಿರಸಿಯ ಒಂದು ಸಂಸ್ಥೆಯವರು ಮಾನಸಿಕ ಆರೋಗ್ಯ ಶಿಬಿರದ ಜೀಪು ಓಡಿಸಲು ಕರೆದರು. ಜೀಪು ನಿಲ್ಲಿಸಿ, ಔಷಧದ ಡಬ್ಬಿ ಹೊತ್ತು ಒಳಗೆ ಹೋದವನು ಆ ಕೆಲಸದೊಳಗೇ ಉಳಿದೆ.

ಜೈಲಿನಿಂದ ಬಿಡುಗಡೆಯಾಗಿ ಬಂದವರು, ಜಾಮೀನಿನ ಮೇಲೆ ಇರುವವರು, ಕುಡಿತ ಬಿಡಲು ಒದ್ದಾಡುವವರು, ತಲೆ ಸರಿ ಇಲ್ಲವೆಂದು ಮನೆಯವರೇ ಕೊಟ್ಟಿಗೆಗೆ ದೂಡಿದವರು. ಇಂಥವರ ಮನೆಗೆ ಹೋಗುವುದು ನನ್ನ ಕೆಲಸ. ಗುಳಿಗೆ ನುಂಗಿದರೋ, ನಿದ್ದೆ ಬಂತೋ ಎಂದು ಕೇಳುತ್ತೇನೆ. ಕೋರ್ಟಿನ ತಾರೀಖಿಗೆ ಜೊತೆಗೆ ಹೋಗಿ ಹೊರಗಿನ ಬೆಂಚಿನಲ್ಲಿ ಕೂರುತ್ತೇನೆ. ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರು ತಾಲೂಕಿನ ತಿರುವುಗಳು ನನ್ನ ಬೈಕಿಗೆ ಬಾಯಿಪಾಠ.

ನನ್ನದೇ ಒಂದು ಪದ್ಧತಿಯೂ ಇದೆ. ನಮ್ಮ ಕಡೆ ಮನೆಗೆ ಯಾರೇ ಬರಲಿ, ಮೊದಲು ಆಸರಿಗೆ ಎಂತ ಬೇಕು ಎಂದು ಕೇಳುತ್ತಾರೆ. ಬಾಯಾರಿಕೆಗೆ ನೀರೋ, ಮಜ್ಜಿಗೆಯೋ, ಏನಾದರೂ. ಜೈಲಿಗೆ ಹೋಗಿ ಬಂದವನ ಮನೆಯಲ್ಲಿ ಆ ಮಾತು ನಿಂತುಹೋಗುತ್ತದೆ, ಯಾಕೆಂದರೆ ಅಲ್ಲಿಗೆ ಯಾರೂ ಬರುವುದಿಲ್ಲ. ಹಾಗಾಗಿ ನಾನು ಹಾಡಹಗಲಲ್ಲಿ ಹೋಗುತ್ತೇನೆ. ರಸ್ತೆಗೆ ಕಾಣುವಂತೆ ಜಗುಲಿಯಲ್ಲಿ ಕೂತು ಗಟ್ಟಿ ದನಿಯಲ್ಲಿ ನೀರು ಕೇಳುತ್ತೇನೆ. ತ್ಯಾಗಲಿ ಹತ್ತಿರದ ಒಂದು ಮನೆಯಲ್ಲಿ ಹಾಗೆ ಕುಡಿಯುವಾಗ ಎದುರು ಮನೆಯ ಹಿರಿಯರು ಬೇಲಿಯ ಆಚೆಯಿಂದಲೇ ಕೆಣಕಿದರು.

"ಎಂತದಾ ಈರಣ್ಣ, ಆ ಮನೆ ನೀರು ಗಂಟಲಲ್ಲಿ ಇಳೀತನಾ ನಿಂಗೆ?"

"ಇಳೀತ್ರಿ ಹೆಗಡೇರ, ತಣ್ಣಗ ಐತಿ. ನಿಮಗೂ ಒಂದು ಚೊಂಬು ಹೇಳ್ಲೇನು?" ಎಂದೆ.

ಮಳೆಗಾಲ ಮುಗಿಯುವುದರೊಳಗೆ ಆ ಹೆಗಡೆಯವರೇ ಬಂದು ಅದೇ ಜಗುಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತ ಕೂತಿದ್ದರು. ಇಂಥದ್ದು ಎಷ್ಟೋ ಕಡೆ ಆಗಿದೆ. ಇದನ್ನು ನನಗೆ ಯಾವ ಕಾಲೇಜೂ ಕಲಿಸಲಿಲ್ಲ, ನಾನೇ ಕಂಡುಕೊಂಡದ್ದು ಎಂಬ ಹೆಮ್ಮೆ ನನಗಿತ್ತು.

ಹಿಂದಿನ ಚಳಿಗಾಲದಲ್ಲಿ ಜಪಾನಿನಿಂದ ಒಂದು ಆಹ್ವಾನ ಬಂತು. ಅಲ್ಲಿ ಇಂಥದೇ ಕೆಲಸ ಮಾಡುವವರನ್ನು ನೋಡಿ ಬರಲು ನಮ್ಮ ದೇಶದಿಂದ ನಾಲ್ವರು ಹೋಗಬೇಕಿತ್ತು. ನಮ್ಮ ಸಂಸ್ಥೆಯಿಂದ ಆಪ್ತಸಲಹೆ ಮಾಡುವ ಶಾರದಕ್ಕ ಹೋಗಬೇಕಾಗಿತ್ತು, ಅವರ ಅತ್ತೆಗೆ ಆಪರೇಷನ್ ಆಗಿ ಅದು ನನ್ನ ಪಾಲಿಗೆ ಬಂತು. ಉಳಿದ ಮೂವರೂ ಡಿಗ್ರಿ ಮಾಡಿದವರು. ಹೊರಡುವ ಹಿಂದಿನ ವಾರ ನನಗೆ ಅನ್ನ ಸೇರಲಿಲ್ಲ. ಹೆಂಡತಿ ಮಾತ್ರ ಬನವಾಸಿ ಸಂತೆಗೆ ಹೊರಟವನಿಗೆ ಹೇಳಿದಂತೆ ಹೇಳಿದಳು: "ಅಲ್ಲಿ ಹೋಗಿ ಮಂದಿ ಮನಿ ಬಾಗಲದಾಗ ನೀರು ಕೇಳ್ಕೋತ ಕುಂದರಬ್ಯಾಡ್ರಿ ಮತ್ತ."

ಕೇಳಿದೆ. ಹಾಗೆ ನೀರು ಕೇಳಿದ್ದರಿಂದ ಒಬ್ಬ ಮನುಷ್ಯನ ವಾಸದ ಕೋಣೆಗೆ ಕುತ್ತು ಬಂತು. ಅವನು ಮತ್ತೆ ಜೈಲಿಗೆ ಹೋಗುವುದೊಂದು ಬಾಕಿ ಉಳಿದಿತ್ತು. ಅದನ್ನೇ ಬರೆಯಲು ಕುಳಿತಿದ್ದೇನೆ. ಅಲ್ಲಿನ ದೇವಸ್ಥಾನ, ಕೋಟೆ, ರೈಲಿನ ವೇಗ ಇವನ್ನೆಲ್ಲ ನೋಡಿ ಬಂದ ಬೇರೆಯವರು ಬರೆದಿದ್ದಾರೆ.

ಟೋಕಿಯೊ ವಿಮಾನ ನಿಲ್ದಾಣ

ಇಳಿದ ಕೂಡಲೇ ತಡೆದರು. ನನ್ನ ಚೀಲದಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ವಿಭೂತಿ ಇತ್ತು. ಗಟ್ಟಿ ಇಟ್ಟುಕೊಂಡಿದ್ದರೆ ಏನೂ ಆಗುತ್ತಿರಲಿಲ್ಲವೇನೋ, ಅದು ದಾರಿಯಲ್ಲಿ ಒಡೆದು ಬಿಳಿ ಪುಡಿಯಾಗಿತ್ತು. ಸಮವಸ್ತ್ರದ ಯುವತಿಯೊಬ್ಬಳು ಎರಡು ಬಾರಿ ತಲೆ ಬಾಗಿಸಿ, ಪಕ್ಕದ ಕೋಣೆಗೆ ಬರಬೇಕೆಂದು ಕೈ ತೋರಿದಳು. ಉಳಿದ ಮೂವರು ಮುಂದೆ ಹೋಗಿಬಿಟ್ಟಿದ್ದರು.

ಅದು ವಿಭೂತಿ, ಹಣೆಗೆ ಹಚ್ಚುವುದು ಎಂದು ಹಚ್ಚಿಯೇ ತೋರಿಸಿದೆ. ಅವಳು ನಕ್ಕಳು, ಆದರೂ ಪುಡಿಯನ್ನು ಒಂದು ಚಿಟಿಕೆ ತೆಗೆದುಕೊಂಡು ಒಳಗೆ ಹೋದಳು. ನಾನು ತಪ್ಪು ಮಾಡಿಲ್ಲವೆಂದು ನನಗೆ ಗೊತ್ತು. ಕುರ್ಚಿ ಮೆತ್ತಗಿತ್ತು, ಕುಡಿಯಲು ಚಹಾ ಕೊಟ್ಟಿದ್ದರು. ಅಷ್ಟಾದರೂ ಚಹಾ ಮುಟ್ಟದೆ, ಅವಳು ಹೋದ ಬಾಗಿಲನ್ನೇ ನೋಡುತ್ತ, ಕುತ್ತಿಗೆಯ ಬೆವರು ಒರೆಸಿಕೊಳ್ಳುತ್ತಿದ್ದೆ. ಶಿರಸಿಯಲ್ಲಿ ಠಾಣೆಗೆ ಸಹಿ ಹಾಕಲು ಹೋಗುವವರ ಜೊತೆ ಹೋದಾಗ, ಯಾಕೆ ಇಷ್ಟು ಬೆವರುತ್ತೀರಿ, ಬರೀ ಒಂದು ಸಹಿ ಎಂದು ಬೆನ್ನು ತಟ್ಟುತ್ತಿದ್ದವನು ನಾನು.

ಪುಡಿಯನ್ನು ಕಾಗದದಲ್ಲಿ ಮಡಚಿ, ಪ್ರಸಾದದಂತೆ ಎರಡು ಕೈಯಲ್ಲಿ ಹಿಡಿದು ವಾಪಸು ಕೊಟ್ಟರು. ಕ್ಷಮೆಯನ್ನೂ ಕೇಳಿದರು. ಹೊರಗೆ ಬಂದ ಮೇಲೂ ಬಹಳ ಹೊತ್ತು ಯಾರೋ ಹಿಂದಿನಿಂದ ಕರೆದಂತೆ ಆಗುತ್ತಿತ್ತು.

ಮತ್ಸುಯಾಮ, ಮೊರಿತಾ ಅವರ ಹಾಸಿಗೆ ಅಂಗಡಿ

ಮತ್ಸುಯಾಮ ಸಮುದ್ರದ ಬದಿಯ ಊರು. ಟ್ರಾಮು ಓಡುತ್ತದೆ. ಸುತ್ತ ಗುಡ್ಡಗಳ ಮೇಲೆ, ನಮ್ಮಲ್ಲಿ ಗೇರು ಹಾಕಿದಂತೆ, ಕಿತ್ತಳೆ ಹಾಕಿದ್ದಾರೆ. ನಾವು ಹೋದಾಗ ಕೊಯ್ಲು. ಗುಡ್ಡವೇ ಹಣ್ಣಾದ ಹಾಗಿತ್ತು. ಟ್ರಾಮಿನಲ್ಲಿ ಒಮ್ಮೆ ಶಾರದಕ್ಕನ ಫೋನು ಬಂದು ನನ್ನ ಮೊಬೈಲು ಜೋರಾಗಿ ಕೂಗಿತು. ಶಿರಸಿಯ ಬಸ್ಸಾಗಿದ್ದರೆ ಅರ್ಧ ಬಸ್ಸು ತಿರುಗಿ, ಮಾತು ಮುಗಿಯುವವರೆಗೆ ಕೇಳಿ, ಇಳಿಯುವಾಗ ಸಲಹೆಯನ್ನೂ ಕೊಡುತ್ತಿತ್ತು. ಇಲ್ಲಿ ಒಬ್ಬರೂ ತಲೆ ಎತ್ತಲಿಲ್ಲ. ಈ ಊರಿನಲ್ಲಿ ಯಾರೂ ಯಾರನ್ನೂ ನೋಡುವುದಿಲ್ಲ ಎಂದು ಆ ಹೊತ್ತಿಗೆ ತೀರ್ಮಾನಿಸಿದೆ. ಅದು ನನ್ನ ಮೊದಲ ತಪ್ಪು ಲೆಕ್ಕ.

ನಮ್ಮ ದುಭಾಷಿ ಎಮಿ ಎಂಬ ಹೆಂಗಸು. ಕಾಲೇಜಿನಲ್ಲಿ ಹಿಂದಿ ಕಲಿತವಳು. ಅವಳದು ಪುಸ್ತಕದ ಹಿಂದಿ, ನನ್ನದು ಲಾರಿ ಹಿಂದಿ. ನಾನು ಮಾತಾಡಿದಾಗಲೆಲ್ಲ ಒಮ್ಮೆ ಕಣ್ಣು ಮುಚ್ಚಿ, ಸೋಸಿಕೊಂಡು, ಆಮೇಲೆ ಜಪಾನಿಗೆ ತರುತ್ತಿದ್ದಳು. ಅವಳು ನನ್ನನ್ನು ಮೊರಿತಾ ಅವರ ಅಂಗಡಿಗೆ ಕರೆದುಕೊಂಡು ಹೋದಳು. ಉಳಿದ ಮೂವರಿಗೆ ಬೇರೆ ಬೇರೆ ಮನೆಗಳು.

ಮೊರಿತಾ ಎಪ್ಪತ್ತು ದಾಟಿದ ವಿಧವೆ. ಹಳೆಯ ಹತ್ತಿ ಹಾಸಿಗೆ ಬಿಚ್ಚಿ, ಕೆದರಿ, ಹೊಸದಾಗಿ ಹೊಲಿದು ಕೊಡುವ ಅಂಗಡಿ. ಆಕೆ ಹೊಗೋಶಿ. ಶಿಕ್ಷೆಯ ಅವಧಿ ಮುಗಿಯುವ ಮೊದಲೇ ಹೊರಗೆ ಬಂದವರ ಮೇಲೆ ಒಂದು ಕಣ್ಣಿಡಲು ಸರ್ಕಾರ ಒಪ್ಪಿಸಿದ ಊರಿನ ಹಿರಿಯರಿಗೆ ಅಲ್ಲಿ ಹಾಗೆ ಹೇಳುತ್ತಾರೆ. ಸಂಬಳ ಇಲ್ಲ. ಬಿಡುಗಡೆಯಾದವನು ತಿಂಗಳಿಗೆ ಒಂದೆರಡು ಸಲ ಇವರ ಮನೆಗೆ ಬಂದು, ಚಹಾ ಕುಡಿದು, ಹೇಗಿದ್ದೇನೆಂದು ಹೇಳಿ ಹೋಗಬೇಕು. ಇಂಥ ಕೆಲಸಕ್ಕೆ ಊರಿನ ಹಾಸಿಗೆ ಹೊಲಿಯುವವಳನ್ನು ನೇಮಿಸಿದ್ದು ನನಗೆ ಬಹಳ ಹಿಡಿಸಿತು.

ಅಲ್ಲಿಗೆ ಬಂದ ಮನುಷ್ಯನ ನಿಜ ಹೆಸರು ಬರೆಯುವುದಿಲ್ಲ. ಕೆಂಜಿ ಎಂದಿಟ್ಟುಕೊಳ್ಳಿ. ನಲವತ್ತರ ಆಸುಪಾಸು, ಕೈಬೆರಳು ಕಿತ್ತಳೆ ಸಿಪ್ಪೆಯಿಂದ ಹಳದಿ. ಕಂಕುಳಲ್ಲಿ ಒಂದು ಕೂರುವ ದಿಂಬು ಇತ್ತು. ಪ್ರತಿ ಸಲವೂ ಅದೇ ದಿಂಬು ತರುತ್ತಾನಂತೆ, ರಿಪೇರಿಗೆ ಬಂದ ಗಿರಾಕಿ ಎಂದು ಪಕ್ಕದ ಅಂಗಡಿಯವರು ತಿಳಿಯಲಿ ಎಂದು. ಮೊರಿತಾ ಅದನ್ನು ಒಂದು ಕಡೆ ಬಿಚ್ಚಿ ಮತ್ತೆ ಹೊಲಿದು ಕೊಡುತ್ತಾರಂತೆ. ನನಗೆ ಒಳಗೊಳಗೆ ನಗು. ಇಷ್ಟು ಬಚ್ಚಿಟ್ಟರೆ ಅವನು ಊರಿಗೆ ಸೇರುವುದು ಯಾವಾಗ ಎಂದುಕೊಂಡೆ.

ಏನು ಮಾಡಿ ಜೈಲಿಗೆ ಹೋಗಿದ್ದ ಎಂದು ಕೇಳಲಿಲ್ಲ. ಅದನ್ನು ನಾನು ನಮ್ಮ ಊರಿನಲ್ಲಿಯೂ ಮೊದಲೇ ಕೇಳುವವನಲ್ಲ. ಕಿವಿಯಲ್ಲಿ ಯಾರೋ ಬೈಯುವ ಕಾಯಿಲೆ ಇತ್ತು, ಗುಳಿಗೆಯಿಂದ ಈಗ ದನಿ ಸಣ್ಣದಾಗಿದೆ, ಪೂರ್ತಿ ಹೋಗಿಲ್ಲ ಎಂದು ಅವನೇ ಹೇಳಿದ. ಕಿತ್ತಳೆ ವಿಂಗಡಿಸುವ ಶೆಡ್ಡಿನಲ್ಲಿ ಕೆಲಸ. ಅದರ ಮಾಲೀಕನಿಗೆ ಮಾತ್ರ ವಿಷಯ ಗೊತ್ತು. ಎರಡು ಸ್ಟೇಷನ್ ಆಚೆ ಒಂದು ಹಳ್ಳಿ, ಸೈಕಲ್ ಅಂಗಡಿಯ ಪಕ್ಕದ ಓಣಿ, ಕೊನೆಯ ಮನೆಯ ಮಹಡಿಯಲ್ಲಿ ಕೋಣೆ. ಕಿಟಕಿ ತೆಗೆದರೆ ಸಮುದ್ರ ಕಾಣುತ್ತದೆ, ಅದನ್ನು ನೋಡುತ್ತಿದ್ದರೆ ದನಿ ಕೇಳುವುದಿಲ್ಲ ಎಂದ. ಕೆಳಗೆ ಮನೆಯೊಡತಿ ಇರುತ್ತಾಳೆ. ಆಕೆಗೆ ಏನೂ ಗೊತ್ತಿಲ್ಲ. ಶಿಕ್ಷೆಯ ಉಳಿದ ಅವಧಿ ಮುಗಿಯುವವರೆಗೆ ಅವನು ಅದೇ ವಿಳಾಸದಲ್ಲಿ ಇರಬೇಕು. ಹೇಳದೆ ಕೇಳದೆ ಒಂದು ರಾತ್ರಿ ಕಾಣೆಯಾದರೂ ವರದಿ ಹೋಗುತ್ತದೆ, ವಾಪಸು ಒಳಗೆ.

ನನ್ನ ಸರದಿ ಬಂದಾಗ ನನ್ನ ನೀರಿನ ಪದ್ಧತಿ ಹೇಳಿದೆ. ಜಗುಲಿ ಎಂದರೇನೆಂದು ಎಮಿಗೆ ವಿವರಿಸಲು ಚಹಾದ ತಟ್ಟೆ ತಿರುಗಿಸಿಟ್ಟು ತೋರಿಸಬೇಕಾಯಿತು. ಮೊರಿತಾ ಹೊಲಿಗೆ ನಿಲ್ಲಿಸಿ ಕೇಳಿದರು. ಕೆಂಜಿ ಬಟ್ಟಲನ್ನು ಕೆಳಗಿಟ್ಟು ಒಂದು ಮಾತು ಹೇಳಿದ.

"ನನ್ನ ಕೋಣೆಯಲ್ಲಿ ಈವರೆಗೆ ಯಾರೂ ನೀರು ಕುಡಿದಿಲ್ಲ."

ನಮ್ಮ ಕಡೆ ಒಬ್ಬ ಮನುಷ್ಯ ನಿಮ್ಮ ಮುಖ ನೋಡಿ, ನಮ್ಮ ಮನೆಗೆ ಯಾರೂ ಬರುವುದಿಲ್ಲ ಎಂದರೆ ಅದು ಕರೆಯುವುದೇ. ಬಾಯಿಬಿಟ್ಟು ಕರೆಯಲು ಸಂಕೋಚ, ಅದಕ್ಕೆ ಹಾಗೆ ಹೇಳುತ್ತಾರೆ. ಮಾರನೇ ದಿನ ಹೋಗದಿದ್ದರೆ ಅವಮಾನ ಮಾಡಿದಂತೆ. ಹೊರಡುವಾಗ ಎಮಿ, ಭೇಟಿಗಳೆಲ್ಲ ಹೊಗೋಶಿಯ ಮನೆಯಲ್ಲಿ ಮಾತ್ರ ಎಂದು ನೆನಪಿಸಿದಳು. ಅದು ಈ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೇಳುವ ಮಾತು ಎಂದುಕೊಂಡೆ.

ಕಿತ್ತಳೆ ಗುಡ್ಡದ ಹಳ್ಳಿ

ಮರುದಿನ ಮಧ್ಯಾಹ್ನದ ಮೇಲೆ ಬಿಡುವು. ಉಳಿದವರು ಕೋಟೆ ನೋಡಲು ಹೋದರು. ತಲೆನೋವೆಂದು ಹೇಳಿ ಉಳಿದುಕೊಂಡ ನಾನು, ಅವರು ತಿರುವು ದಾಟಿದ ಕೂಡಲೇ ಸ್ಟೇಷನ್ನಿಗೆ ಹೋದೆ. ಚೀಲದಲ್ಲಿ ಜೇನಿನ ಹಾಗೆ ಸುರಿಯುವ ಜೋನಿ ಬೆಲ್ಲದ ಬಾಟಲಿ. ಎರಡನೇ ಸ್ಟೇಷನ್ ತಪ್ಪಿಹೋಗುತ್ತದೋ ಎಂಬ ಹೆದರಿಕೆಯಲ್ಲಿ ಬಾಗಿಲ ಬಳಿಯೇ ನಿಂತಿದ್ದೆ. ಇಳಿದೆ. ಸೈಕಲ್ ಅಂಗಡಿ ಇತ್ತು, ಓಣಿ ಇತ್ತು, ಕೊನೆಯ ಮನೆ ಇತ್ತು. ಓದಲು ಬಾರದ ಊರಿನಲ್ಲಿ ಒಬ್ಬನೇ ಬಂದು ಮುಟ್ಟಿದೆನೆಂದು ಮೀಸೆ ತಿರುವುವಷ್ಟು ಖುಷಿ.

ಓಣಿ ಎಷ್ಟು ನಿಶ್ಶಬ್ದವೆಂದರೆ ನನ್ನ ಕೆಮ್ಮು ನನಗೇ ಕೇಳಿ ಹಿಂಜರಿಕೆಯಾಯಿತು. ಕರೆಗಂಟೆ ಒತ್ತಿದೆ. ಬಾಗಿಲು ತೆರೆದದ್ದು ಬೆನ್ನು ಬಾಗಿದ ಮುದುಕಿ, ಮನೆಯೊಡತಿ. ಕೈಮುಗಿದು ಕೆಂಜಿಯ ಹೆಸರು ಹೇಳಿದೆ. ಇಲ್ಲ ಎಂದು ಕೈ ಆಡಿಸಿದಳು. ಕೆಲಸದಿಂದ ಇನ್ನೂ ಬಂದಿರಲಿಲ್ಲ. ಇನ್ನೊಬ್ಬನಾದರೆ ಹಿಂದೆ ತಿರುಗುತ್ತಿದ್ದ. ನಾನು ಹೊಸ್ತಿಲ ಕಲ್ಲಿನ ಮೇಲೆ, ಓಣಿಗೆ ಮುಖ ಮಾಡಿ ಕೂತುಬಿಟ್ಟೆ. ನೀರಿಗೆ ಅವರ ಮಾತು ಕಲಿತಿದ್ದೆ: ಮಿಜು.

ಅವಳು ಗಾಜಿನ ಲೋಟದಲ್ಲಿ ನೀರು ತಂದು ಎರಡು ಕೈಯಲ್ಲಿ ಕೊಟ್ಟಳು. ಕುಡಿದೆ. ಎದುರು ಮನೆಯ ಪರದೆ ಅಲುಗಿತು. ಪಕ್ಕದ ಮನೆಯ ಹೆಂಗಸು ಇಲ್ಲದ ಕಸ ಗುಡಿಸಲು ಹೊರಗೆ ಬಂದಳು. ನೋಡುವುದಿಲ್ಲವೆಂದು ನಾನು ತಿಳಿದ ಊರು ಪರದೆಯ ಸಂದಿಯಿಂದ ನೋಡುವ ಊರಾಗಿತ್ತು. ನನಗೆ ಆಗ ಅದು ಒಳ್ಳೆಯದೇ ಅನ್ನಿಸಿತು. ನನಗೆ ಬೇಕಾದದ್ದೇ ಜನ ನೋಡುವುದು.

ಮುದುಕಿ ಒಳಗೆ ಹೋಗಿ ಫೋನು ಮಾಡಿದ್ದಳು. ದಾರಿ ತಪ್ಪಿದ ವಿದೇಶಿ ಎಂದು ಕನಿಕರದಿಂದಲೇ ಮಾಡಿದ್ದಂತೆ. ಸ್ವಲ್ಪ ಹೊತ್ತಿನಲ್ಲಿ ಸೈಕಲ್ ಮೇಲೆ ಒಬ್ಬ ಪೊಲೀಸ್ ಬಂದ. ತುಂಬ ವಿನಯದವನು. ಟೋಪಿ ಮುಟ್ಟಿ ನಮಸ್ಕಾರ ಹೇಳಿ, ತನ್ನ ಮೊಬೈಲನ್ನು ನನ್ನ ಬಾಯಿಯ ಹತ್ತಿರ ಹಿಡಿದ. ಅವನು ಜಪಾನಿಯಲ್ಲಿ ಕೇಳಿದರೆ ಅದು ಹಿಂದಿಯಲ್ಲಿ ಹೇಳುತ್ತಿತ್ತು; ನಾನು ಹಿಂದಿಯಲ್ಲಿ ಹೇಳಿದರೆ ಅದು ಜಪಾನಿಯಲ್ಲಿ. ನೀವು ಯಾರು, ಇವರಿಗೆ ಏನಾಗಬೇಕು ಎಂದು ಕೇಳಿದ.

ಎದೆ ಉಬ್ಬಿಸಿ ಹೇಳಿದೆ. ನಾನು ಭಾರತದವನು, ಜೈಲಿನಿಂದ ಬಿಡುಗಡೆಯಾಗಿ ಬಂದವರ ಮನೆಗೆ ಹೋಗುವುದು ನನ್ನ ಕೆಲಸ, ಕೆಂಜಿಯನ್ನು ನೋಡಲು ಬಂದಿದ್ದೇನೆ ಎಂದು.

ಆ ಮೊಬೈಲು ಅದನ್ನು ಹೆಣ್ಣು ದನಿಯಲ್ಲಿ, ರೈಲು ಬರುವುದನ್ನು ಸಾರುವ ಹಾಗೆ, ಓಣಿಗೆಲ್ಲ ಕೇಳುವಂತೆ ಹೇಳಿತು. ಕಸಬರಿಗೆಯ ಸದ್ದು ನಿಂತಿತು. ಮುದುಕಿ ನನ್ನ ಕೈಯಿಂದ ಲೋಟ ತೆಗೆದುಕೊಳ್ಳಲು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಸಿದ್ದಾಪುರದಲ್ಲಾಗಲಿ ಮತ್ಸುಯಾಮದಲ್ಲಾಗಲಿ ಆ ಕೈ ಹಿಂದೆ ಹೋಗುವ ರೀತಿ ಒಂದೇ. ಎಷ್ಟೋ ಜಗುಲಿಗಳಲ್ಲಿ ನೋಡಿದ್ದೇನೆ. ಲೋಟವನ್ನು ನಾನೇ ಹೊಸ್ತಿಲ ಕಲ್ಲಿನ ಮೇಲೆ ಇಟ್ಟೆ.

ಅದೇ ಹೊತ್ತಿಗೆ ಓಣಿಯ ಆ ತುದಿಯಲ್ಲಿ ಕೆಂಜಿ ಸೈಕಲ್ ತಳ್ಳಿಕೊಂಡು ಬಂದ. ಅಭ್ಯಾಸಬಲ. ನನ್ನ ಕೈ ತಾನೇ ಮೇಲೆ ಹೋಯಿತು, ಬಾಯಿ ತಾನೇ ಅವನ ಹೆಸರು ಕೂಗಿತು. ಪೊಲೀಸ್ ತಿರುಗಿ ನೋಡಿದ. ಕೆಂಜಿಗೆ ಕಂಡದ್ದು ಏನು? ತನ್ನ ಮನೆಯ ಬಾಗಿಲು, ಬಾಗಿಲಲ್ಲಿ ಪೊಲೀಸ್, ಸುತ್ತ ನೆರೆಯವರು. ಅವನು ಸೈಕಲ್ ತಿರುಗಿಸಿ ಹತ್ತಿ ಹೋದ.

ಸಂಜೆ, ಮತ್ತೆ ಅಂಗಡಿಯಲ್ಲಿ

ನಾನು ಕೊಟ್ಟ ಎಮಿಯ ನಂಬರಿಗೆ ಪೊಲೀಸ್ ಫೋನು ಮಾಡಿದ ಮೇಲೆ ಮೊರಿತಾ ಮತ್ತು ಎಮಿ ಟ್ಯಾಕ್ಸಿಯಲ್ಲಿ ಬಂದು ನನ್ನನ್ನು ಕರೆದುಕೊಂಡು ಹೋದರು. ಅದಕ್ಕೆ ಮೊದಲು ಮೊರಿತಾ ಆ ಮುದುಕಿಗೆ, ಪೊಲೀಸನಿಗೆ, ಕಸಬರಿಗೆಯ ಹೆಂಗಸಿಗೆ ಒಬ್ಬೊಬ್ಬರಿಗೂ ಸೊಂಟ ಬಾಗಿಸಿದರು. ನಾನು ಮಾಡಿದ್ದಕ್ಕೆ ಆ ವಯಸ್ಸಿನ ಹೆಂಗಸು ಬಗ್ಗುವುದನ್ನು ನೋಡುತ್ತ ನಿಂತಿದ್ದೆ. ಟ್ಯಾಕ್ಸಿಯಲ್ಲಿ ನನಗೆ ಯಾರೂ ಬೈಯಲಿಲ್ಲ. ನಮ್ಮವರಾಗಿದ್ದರೆ ಬೈದು ಮುಗಿಸುತ್ತಿದ್ದರು, ಎದೆ ಹಗುರಾಗುತ್ತಿತ್ತು.

ಶೆಡ್ಡಿನ ಮಾಲೀಕನಿಗೆ ಫೋನು ಹೋಯಿತು. ಅಲ್ಲಿಲ್ಲ. ಕೆಂಜಿಯ ಮೊಬೈಲು ಬಂದ್. ಗುಳಿಗೆ ಕೋಣೆಯಲ್ಲೇ ಇದೆ. ನಾನು ಹುಡುಕಲು ಹೊರಡುತ್ತೇನೆ ಎಂದೆ. ಊರಿನಲ್ಲಾದರೆ ನನಗೆ ಗೊತ್ತು, ಬಸ್ ಸ್ಟ್ಯಾಂಡು, ಸಾರಾಯಿ ಅಂಗಡಿಯ ಹಿಂಬದಿ, ಅಕ್ಕನ ಮನೆ, ಇಲ್ಲದಿದ್ದರೆ ಹೊಳೆ. ಹೊಳೆ ನೆನಪಾದಾಗ ಆ ಕಿಟಕಿಯ ಸಮುದ್ರ ನೆನಪಾಯಿತು. ಎದ್ದು ನಿಂತವನಿಗೆ ಮೊರಿತಾ, "ಕುಳಿತುಕೊಳ್ಳಿ. ನೀವು ಹುಡುಕಿದರೆ ಅವನು ಇನ್ನೂ ದೂರ ಹೋಗುತ್ತಾನೆ" ಎಂದರು. ಎಮಿ ಅದನ್ನು ತಲೆ ತಗ್ಗಿಸಿ ಹಿಂದಿಗೆ ತಂದಳು.

ನಿಯಮದ ಪ್ರಕಾರ ಮೊರಿತಾ ಆಗಲೇ ಕಚೇರಿಗೆ ತಿಳಿಸಬೇಕಿತ್ತು. ಬೆಳಿಗ್ಗೆ ಅಂಗಡಿಯ ಬಾಗಿಲು ತೆರೆಯುವವರೆಗೆ ನೋಡುತ್ತೇನೆ, ಆಮೇಲೆ ಫೋನು ಮಾಡಲೇಬೇಕು ಎಂದರು. ಆಮೇಲೆ ಹತ್ತಿ ಕೆದರಲು ಕೂತರು.

ನಾನು ಅಂಗಳಕ್ಕೆ ಹೋಗಿ ಶಾರದಕ್ಕನಿಗೆ ಫೋನು ಮಾಡಿದೆ. ಶಿರಸಿಯಲ್ಲಿ ಇನ್ನೂ ಮಧ್ಯಾಹ್ನ. ಹಿಂದೆ ಯಾರೋ ಊಟದ ತಾಟು ತೊಳೆಯುವ ಸದ್ದು ಕೇಳಿ ಅಳು ಬರುವಂತಾಯಿತು. ಎಲ್ಲ ಹೇಳಿದೆ. ಗಾಬರಿಯಾದರೆ ಶಾರದಕ್ಕನಿಗೆ ಅಡಿಕೆ ತೋಟದವರ ಮನೆಮಾತೇ ಬಾಯಿಗೆ ಬರುತ್ತದೆ.

"ಅಯ್ಯೋ, ಆನು ಎಂತ ಹೇಳವು ಈಗ. ಮನೆಗೆ ಬರ್ಲಾ ಅಂತ ಅವನ ಹತ್ರ ಒಂದು ಮಾತು ಕೇಳಿದ್ರಾ?"

"ಅವನ ಹೇಳಿದನಲ್ರಿ, ಯಾರೂ ನೀರು ಕುಡಿದಿಲ್ಲ ಅಂತ."

"ಅದು ಅವ ಹೇಳಿದ್ದು. ನೀವು ಕೇಳಿದ್ರಾ?"

"ಇಲ್ಲ."

"ಇಲ್ಲಿ ನಮ್ಮವ್ರ ಹತ್ರ ಯಾರನ್ನಾದ್ರೂ ಕೇಳಿದ್ದಿದ್ದಾ ಮಾರಾಯ್ರೆ?"

ನನಗೆ ಸಿಟ್ಟು ಬಂತು. ಇಷ್ಟು ವರ್ಷದ ದುಡಿಮೆ, ಬಿಸಿಲು ಮಳೆ ಎನ್ನದೆ ತಿರುಗಿದ್ದು, ನನ್ನಿಂದ ಎದ್ದು ನಿಂತವರು, ಎಲ್ಲ ಹೇಳಿದೆ. ಶಾರದಕ್ಕ ಪೂರ್ತಿ ಕೇಳಿಸಿಕೊಂಡರು. ಆಮೇಲೆ ವಜ್ರಳ್ಳಿ ಕಡೆಯ ಒಬ್ಬನ ಸುದ್ದಿ ತೆಗೆದರು. ನನ್ನ ಬೈಕಿನ ಸದ್ದು ತಿರುವಿನಲ್ಲಿ ಕೇಳಿದರೆ ಅವನು ಗದ್ದೆಯ ಮಾಳಕ್ಕೆ ಹೋಗಿ ಕೂರುತ್ತಾನೆ ಎಂದು ಅವನ ತಂಗಿ ಹೇಳಿದ್ದಳಂತೆ. ರಾತ್ರಿ ಕಾಡುಹಂದಿಯಿಂದ ಬೆಳೆ ಕಾಯಲು ಕಟ್ಟಿದ ಅಟ್ಟಣಿಗೆಯ ಆ ಮಾಳಕ್ಕೆ ಅವನು ಹಗಲಲ್ಲೂ ಹೋಗುವುದು ನನಗೆ ಗೊತ್ತಿತ್ತು. ಅವನ ಕಾಯಿಲೆಯ ಲಕ್ಷಣವೆಂದು ನಾನು ವರದಿಯಲ್ಲಿ ಹೇಳುತ್ತಿದ್ದೆ.

"ನಿಮ್ಮ ಮನಸ್ಸು ನೋಯ್ತದೆ ಅಂತ ಇಷ್ಟು ದಿನ ಹೇಳಿರ್ಲಿಲ್ಲೆ" ಎಂದರು ಶಾರದಕ್ಕ. "ಅವ ಸಿಕ್ಕಿದ ಕೂಡ್ಲೆ ಫೋನು ಮಾಡಿ. ಎಷ್ಟು ಹೊತ್ತಾದ್ರೂ ಅಡ್ಡಿಲ್ಲೆ."

ಒಳಗೆ ಬಂದೆ. ಎಮಿ ಮನೆಗೆ ಹೋಗಿದ್ದಳು. ಮೊರಿತಾ ಹತ್ತಿಯ ಒಂದು ರಾಶಿಯನ್ನು ನನ್ನ ಮುಂದೆ ಸರಿಸಿ, ಹೇಗೆ ಬಿಡಿಸಬೇಕೆಂದು ತೋರಿಸಿದರು. ಹೋಟೆಲಿಗೆ ಕಳಿಸಲಿಲ್ಲ. ನಾನು ಬಿಡಿಸುತ್ತ ಕೂತೆ. ಮಾಡಲು ಕೈಗೆ ಕೆಲಸವಿಲ್ಲದಿದ್ದರೆ ಆ ದಿನ ನಾನು ಏನಾಗುತ್ತಿದ್ದೆನೋ. ಬೀದಿಯಲ್ಲಿ ಸೈಕಲ್ ಹೋದಾಗಲೆಲ್ಲ ನಮ್ಮಿಬ್ಬರ ಕೈಯೂ ನಿಲ್ಲುತ್ತಿತ್ತು.

ಬೆಳಿಗ್ಗೆ

ಮೊರಿತಾ ಅಂಗಡಿಯ ಕದ ಸರಿಸಲು ಎದ್ದರು. ಒಂದು ಕದ ಸರಿಸಿ, ಎರಡನೆಯದನ್ನು ಬೇಕೆಂದೇ ನಿಧಾನ ಮಾಡುತ್ತಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಫೋನು ಹತ್ತಿರದಲ್ಲೇ ಇತ್ತು. ಕದ ಪೂರ್ತಿ ತೆರೆಯಿತು. ಹೊರಗೆ ಕೆಂಜಿ ನಿಂತಿದ್ದ.

ಕೈಯಲ್ಲಿ ದಿಂಬು ಇರಲಿಲ್ಲ. ಪಕ್ಕದ ಅಂಗಡಿಯವನು ನೀರು ಚಿಮುಕಿಸುತ್ತಿದ್ದರೂ ಅವನಿಗೆ ಕಾಣುವಂತೆಯೇ ಕೆಂಜಿ ಬೀದಿಯಲ್ಲಿ ನಿಂತಿದ್ದ. ಬಟ್ಟೆಗೆಲ್ಲ ಕಿತ್ತಳೆ ಎಲೆ. ಗುಡ್ಡದ ಮೇಲೆ ಖಾಲಿ ಬುಟ್ಟಿಗಳ ನಡುವೆ ಮಲಗಿದ್ದನಂತೆ, ಚಳಿಗೆ ನಿದ್ದೆ ಬರಲಿಲ್ಲವಂತೆ. ದನಿ ಬಂತೇ ಎಂದು ಮೊರಿತಾ ಕೇಳಿದರು. ಬಂತು, ಆದರೆ ಅದು ಹೇಳಿದ್ದನ್ನು ಮಾಡಲಿಲ್ಲ ಎಂದ. ಮೊರಿತಾ ಗೋಡೆಗೆ ಕೈಕೊಟ್ಟು ನಿಂತರು. ಆಮೇಲೆ ಕಚೇರಿಗೆ ಫೋನು ಮಾಡಿ, ಇವನು ತನ್ನ ಮುಂದೆ ಇದ್ದಾನೆ, ಹೀಗೆ ಹೀಗೆ ಆಯಿತು, ಕಾರಣ ನಾವು ಎಂದು ಇದ್ದದ್ದನ್ನು ಇದ್ದಹಾಗೆ ಹೇಳಿದರು. ಕಚೇರಿಯವರು ಈ ಸಲಕ್ಕೆ ಅವನ ಮೇಲೆ ಕ್ರಮ ಇಲ್ಲ ಎಂದರು.

ಎಮಿ ಓಡಿ ಬಂದಳು. ಅಷ್ಟು ಹೊತ್ತಿನ ಮಾತನ್ನೆಲ್ಲ ಕೇಳಿಕೊಂಡು ನನಗೆ ಹಿಂದಿಗೆ ತಂದಳು. ಕೆಂಜಿ ನನ್ನ ಮುಂದೆ ಬಂದು, ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ ಎಂದು ಬಗ್ಗಿದ. ಕೇಳಬೇಕಾದವನು ನಾನು, ಕೇಳಿದವನು ಅವನು. ನಾನೂ ಬಗ್ಗಿದೆ, ಅವನು ಇನ್ನೂ ಬಗ್ಗಿದ. ನಾನು ನಿಮ್ಮ ಮನೆಯೊಡತಿಯ ಹತ್ತಿರ ಬಂದು ಎಲ್ಲವನ್ನೂ ಸರಿಯಾಗಿ ತಿಳಿಸಿ ಹೇಳಲೇ ಎಂದು ಕೇಳಿದೆ. ಎಮಿ ತರ್ಜುಮೆ ಮಾಡಿ ಮುಗಿಸುವ ಮೊದಲೇ ಅವನ ಎರಡೂ ಕೈ ಎದೆಯ ಮುಂದೆ ಅಡ್ಡ ಬಂದವು. ಬೇಡ. ಅದಕ್ಕೆ ದುಭಾಷಿ ಬೇಕಿರಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಅವನು ಹೇಳಿದ: "ನೀವು ಬಂದದ್ದು ಕೆಟ್ಟದ್ದಲ್ಲ. ಯಾವ ದಿನ, ಯಾವ ಬಾಗಿಲು ಎಂದು ನಾನು ಹೇಳಬೇಕಿತ್ತು."

ಮಧ್ಯಾಹ್ನ ನಮ್ಮ ವಿಮಾನ. ಆ ಮುದುಕಿ ಅವನಿಗೆ ಬಾಗಿಲು ತೆರೆದಳೋ ಇಲ್ಲವೋ ತಿಳಿಯದೆ ಹೊರಟೆ. ಜೋನಿ ಬೆಲ್ಲದ ಬಾಟಲಿಯನ್ನು ಮೊರಿತಾ ಅವರ ಮನೆಯಲ್ಲಿಟ್ಟೆ. ಟೋಕಿಯೊದಲ್ಲಿ ಈ ಸಲ ಯಾರೂ ತಡೆಯಲಿಲ್ಲ. ತಡೆದು ಏನಾದರೂ ಕೇಳಿದ್ದರೆ ಚೆನ್ನಾಗಿತ್ತು ಅನ್ನಿಸಿತು.

ವಾಪಸು

ಶಿರಸಿಗೆ ಬಂದ ಮೇಲೆ ಜನ ಕೇಳಿದ್ದು ಅಲ್ಲಿನ ರೈಲಿನ ಬಗ್ಗೆ, ಹಸಿ ಮೀನಿನ ಬಗ್ಗೆ. ನಾನು ಬಾಯಿಗೆ ಬಂದದ್ದು ಹೇಳುತ್ತ ಮೊಬೈಲು ನೋಡುತ್ತಿದ್ದೆ. ಎಮಿಗೆ ಎರಡು ಸಲ ಸಂದೇಶ ಕಳಿಸಿದೆ. ಉತ್ತರವಿಲ್ಲ. ಕೇಳುವುದೂ ಅವನ ಬಾಗಿಲು ತಟ್ಟಿದ ಹಾಗೇ ಆಯಿತೇನೋ ಎಂದು ಮೂರನೆಯ ಸಲ ಬರೆದದ್ದನ್ನು ಅಳಿಸಿದೆ. ಶಾರದಕ್ಕ, ಅವನು ಹೇಳು ಎಂದರೆ ಮಾತ್ರ ಎಮಿ ಹೇಳುತ್ತಾಳೆ, ಕಾಯಿರಿ ಎಂದರು. ಕಾದೆ.

ಒಂದು ದಿನ ಯಲ್ಲಾಪುರ ದಾರಿಯಲ್ಲಿ ಬೈಕು ನಿಲ್ಲಿಸಿ ಎಮಿಯ ಉತ್ತರ ಓದಿದೆ. ನಿಮಗೆ ತಿಳಿಸಬಹುದೆಂದು ಕೆಂಜಿ ಹೇಳಿದ್ದಾನೆ ಎಂದು ಶುರುವಾಗಿತ್ತು. ಮನೆಯೊಡತಿ ಜಗಳ ಮಾಡಲಿಲ್ಲವಂತೆ, ಜೈಲಿನ ಮಾತು ಎತ್ತಲೂ ಇಲ್ಲವಂತೆ. ಕೆಲವು ದಿನ ಕಳೆದು, ಮಗ ಊರಿಗೆ ಬರುತ್ತಾನೆ, ಕೋಣೆ ಬೇಕಾಗುತ್ತದೆ ಎಂದಳಂತೆ. ಈ ಮಾತು ನನಗೆ ಹೊಸದಲ್ಲ. ಶಿರಸಿಯ ಬಾಡಿಗೆ ಮನೆಯವರ ಬಾಯಲ್ಲಿ ಎಷ್ಟು ಸಲ ಕೇಳಿದ್ದೇನೋ. ಆ ಮಕ್ಕಳು ಯಾರೂ ಬರುವುದಿಲ್ಲ. ಕಚೇರಿಯ ಒಪ್ಪಿಗೆ ಪಡೆದು ಕೆಂಜಿ ಈಗ ಶೆಡ್ಡಿನ ಹಿಂದಿನ ಕೋಣೆಯಲ್ಲಿ ಇದ್ದಾನೆ. ಕೆಲಸ ಉಳಿದಿದೆ, ಗುಳಿಗೆ ತಪ್ಪಿಲ್ಲ, ಮೊರಿತಾ ಅವರಲ್ಲಿಗೆ ಹೋಗುತ್ತಾನೆ. ಆ ಕೋಣೆಗೆ ಕಿಟಕಿ ಇದೆಯೇ ಎಂದು ಬರೆದು ಕೇಳಿದೆ. ಇದೆ, ಗುಡ್ಡದ ಕಡೆಗೆ ಎಂದು ಉತ್ತರ ಬಂತು. ಸಮುದ್ರ ಕಾಣುವ ಕೋಣೆ ನನ್ನಿಂದ ಹೋಯಿತು. ಅದನ್ನು ತಿರುಗಿಸಿ ಕೊಡಲು ನನ್ನಿಂದ ಆಗುವುದಿಲ್ಲ.

ಆ ದಿನ ಯಲ್ಲಾಪುರದಿಂದಲೇ ಕೇಳಲು ಶುರುಮಾಡಿದೆ. ನಾನು ಎಲ್ಲಿಗೆ ಬರಲಿ, ಬರಲೋ ಬೇಡವೋ ಎಂದು. ಕೇಳುವಾಗ ನಾಲಿಗೆ ತೊಡರುತ್ತಿತ್ತು, ಏನು ಹೇಳಿಬಿಡುತ್ತಾರೋ ಎಂದು. ಒಬ್ಬ ಹೆಂಗಸು ಪೇಟೆಯ ಬಸ್ ಸ್ಟ್ಯಾಂಡಿನಲ್ಲಿ, ಬಸ್ಸಿಗೆ ಕಾಯುವವರ ಹಾಗೆ ಕೂತು ಮಾತಾಡೋಣ ಎಂದಳು. ಒಬ್ಬ ನಕ್ಕು, "ಇಷ್ಟು ವರ್ಷ ಕೇಳ್ಲಿಲ್ಲ, ಈಗ ಎಂತಕ್ಕೆ ಕೇಳ್ತ್ರಿ? ಜಗಲಿಗೇ ಬನ್ನಿ, ನೀವು ಬಂದ್ರೇ ನಮ್ಮನೆ ಬಾಗ್ಲು ಜನ ನೋಡೋದು" ಎಂದ. ವಜ್ರಳ್ಳಿಯವನು, ಬೈಕನ್ನು ಹಳ್ಳದ ಕಾಲುಸಂಕದ ಹತ್ತಿರವೇ ಬಿಟ್ಟು ನಡೆದು ಮಾಳಕ್ಕೆ ಬನ್ನಿ ಎಂದ. ಹೋದೆ. ಅಲ್ಲಿ ಅವನು ಮಾತಾಡಿದಷ್ಟು ಅವನ ಮನೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಅದರಿಂದ ನನಗೆ ಸಂತೋಷವಾಗುವ ಬದಲು ಇನ್ನಷ್ಟು ಕಳವಳವೇ ಆಯಿತು.

ಈಗ ನನ್ನ ಹತ್ತಿರ ಇರುವುದು ಇಷ್ಟು. ಒಂದು ಬೈಕು, ಮೂರು ತಾಲೂಕು, ಇಪ್ಪತ್ತಮೂರು ಜನ. ಹನ್ನೊಂದು ಜನ ಜಗುಲಿಗೇ ಬನ್ನಿ ಎಂದಿದ್ದಾರೆ. ಒಂಬತ್ತು ಜನ ಬೇರೆ ಜಾಗ ಹೇಳಿದ್ದಾರೆ. ಇಬ್ಬರು ಫೋನು ಸಾಕು ಎಂದಿದ್ದಾರೆ. ಒಬ್ಬರು ಇನ್ನೂ ಏನೂ ಹೇಳಿಲ್ಲ.